ಫಿರೋಜಾಬಾದನ್ನು ಮೇಲಿಂದ ಓದುವುದು

ಕಲಬುರಗಿಯಿಂದ ಜೇವರ್ಗಿ ಕಡೆ ಸುಮಾರು 28 ಕಿ.ಮೀ. ಹೋದರೆ ಭೀಮಾ ನದಿಯ ಪೂರ್ವ ದಂಡೆಯಲ್ಲಿ ಫಿರೋಜಾಬಾದ್ ಸಿಗುತ್ತದೆ. ಬಹಮನಿ ಸುಲ್ತಾನ ಫಿರೋಜ್ ಶಾ (ಆಳ್ವಿಕೆ 1397–1422) ಕಟ್ಟಿಸಿದ ನಗರ. ಅಲ್ಲಿ ಹೊಲದ ಒಡ್ಡಿನ ಮೇಲೆ ನಿಂತರೆ ಒಂದು ಕಡೆ ಮುರಿದ ಗೋಡೆ, ದೂರದಲ್ಲೊಂದು ಬಾಗಿಲು, ನಡುವೆ ಬೆಳೆ. ಒಂದಕ್ಕೊಂದು ಸಂಬಂಧವೇ ಇಲ್ಲ ಅನ್ನಿಸುತ್ತದೆ. ಅದೇ ಜಾಗವನ್ನು ಉಪಗ್ರಹ ಚಿತ್ರದಲ್ಲಿ ನೋಡಿ. ಮೂರು ಕಡೆ ಕೋಟೆ ಗೋಡೆ, ಪಶ್ಚಿಮಕ್ಕೆ ಹೊಳೆಯೇ ಕಾವಲು. ನಾವು ನಿಂತಿದ್ದ ಹೊಲ ನಗರದ ಒಳಗೇ ಇದೆ! ಮೊದಲ ಸಲ ಇದು ಕಂಡಾಗ ನನಗೆ ಮೈ ಜುಮ್ಮೆಂದಿತು.

ನಿಂತಿರುವ ಗೋಡೆ ಸರಿ, ಹೂತುಹೋದದ್ದು ಮೇಲಿಂದ ಹೇಗೆ ಕಾಣುತ್ತದೆ? ಇದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕು. ನಮ್ಮ ಹಿಂಗಾರಿ ಜೋಳ ಬೆಳೆಯುವುದು ಎರೆ ಮಣ್ಣು ಹಿಡಿದಿಟ್ಟ ತೇವದ ಮೇಲೆ. ಅಡಿಯಲ್ಲಿ ಹಳೆಯ ಗೋಡೆ ಇದ್ದರೆ ಮಣ್ಣಿನ ಆಳ ಕಡಿಮೆ, ತೇವ ಬೇಗ ಮುಗಿಯುತ್ತದೆ. ಆ ಸಾಲಿನ ಬೆಳೆ ಮಾತ್ರ ಗಿಡ್ಡವಾಗಿ, ಮೊದಲೇ ಹಳದಿಯಾಗುತ್ತದೆ. ಮುಚ್ಚಿಹೋದ ಕಂದಕದ ಮೇಲಾದರೆ ಉಲ್ಟಾ: ಸುತ್ತಲಿನ ಬೆಳೆ ಒಣಗಿದರೂ ಅಲ್ಲಿ ಹಸಿರು ಉಳಿಯುತ್ತದೆ. ಹೊಲ ಉತ್ತಾಗ ಕಪ್ಪು ಮಣ್ಣಿನಲ್ಲಿ ಗಚ್ಚಿನ ಚೂರು ಬೆಳ್ಳಗೆ ಎದ್ದು ಕಾಣುವುದೂ ಉಂಟು. ಹಾಗಾಗಿ ಒಂದೇ ತಿಂಗಳ ಚಿತ್ರ ನೋಡಿ ಬಿಡಬೇಡಿ. ಮಳೆಗಾಲದಲ್ಲಿ ಎಲ್ಲವೂ ಹಸಿರು, ಏನೂ ತಿಳಿಯುವುದಿಲ್ಲ.

ಮೋಸ ಹೋಗುವುದೂ ಇಲ್ಲೇ. ನೆಟ್ಟಗಿನ ಗೆರೆಯೆಲ್ಲ ಗೋಡೆಯಲ್ಲ. ನಿನ್ನೆ ಮೊನ್ನೆ ಹೂತ ಪೈಪ್‌ಲೈನೂ ಹಾಗೇ ಕಾಣುತ್ತದೆ. ಪರೀಕ್ಷಿಸಲು ಅಮೆರಿಕದ ಕೊರೊನಾ ಬೇಹು ಉಪಗ್ರಹದ ಚಿತ್ರಗಳು ಬಹಳ ಉಪಯುಕ್ತ. 1960ರಿಂದ 1972ರವರೆಗೆ ತೆಗೆದವು. 1995ರಲ್ಲಿ ಗುಟ್ಟಿನ ಮುದ್ರೆ ತೆಗೆದರು. ಗೆರೆ ಅವುಗಳಲ್ಲೂ ಇದ್ದರೆ ಹೊಸ ಪೈಪ್ ಅಲ್ಲ, ಅಷ್ಟು ಗ್ಯಾರಂಟಿ. ಯಾದಗಿರಿ ಕಡೆಯವರಿಗಂತೂ ಇವು ಜಾಸ್ತಿ ಮುಖ್ಯ. ನಾರಾಯಣಪುರ ಅಣೆಕಟ್ಟು ಮುಗಿದದ್ದು 1982ರಲ್ಲಿ. ಕಾಲುವೆ ಬಂದು ಗದ್ದೆಗಳಾಗುವ ಮುಂಚಿನ ಶಹಾಪುರ, ಸುರಪುರದ ನೆಲ ಆ ಚಿತ್ರಗಳಲ್ಲಿದೆ.

ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿರುವ, ಇತಿಹಾಸಪೂರ್ವ ಕಾಲದ ಜನ ಇಟ್ಟ ಗುಂಡುಕಲ್ಲುಗಳ ಸಾಲೂ ಹೀಗೇ. ನಡುವೆ ನಿಂತರೆ ಸುಮ್ನೆ ಬಿದ್ದ ಕಲ್ಲು, ಮೇಲಿಂದ ನೋಡಿದರೆ ಲೆಕ್ಕ ಹಾಕಿ ಇಟ್ಟದ್ದು.

ಚಿತ್ರದ ಪ್ರಿಂಟ್ ಹಿಡಿದು ಹೊಲಕ್ಕೆ ಹೋಗಿ, ಅಲ್ಲಿದ್ದವರನ್ನು ಕೇಳಿ: ‘ಕಾಕಾ, ಇಲ್ಲಿ ನೇಗಿಲಿಗೆ ಕಲ್ಲು ಬಡೀತಾವೇನ್ರಿ?’