ಬೋರಲ್ಲಿ ಕನ್ನಡಿ, ಬಾಟಲಿಯಲ್ಲಿ ಕೆಂಪು

ಬಂಟ್ವಾಳ ಕಡೆಯ ಹಿರಿಯರೊಬ್ಬರು ಲ್ಯಾಬಿಗೆ ಬಂದಿದ್ದರು. ಕೈಯಲ್ಲೊಂದು ಹಳೇ ಕೂಲ್‌ಡ್ರಿಂಕ್ ಬಾಟಲಿ. ಮುಕ್ಕಾಲು ಭಾಗ ಕೆಂಪು ನೀರು, ತಳದಲ್ಲಿ ತುಕ್ಕಿನ ಬಣ್ಣದ ಗಸಿ.

"ಬೋರಿಂದ ಬರುವಾಗ ಕನ್ನಡಿ ಹಾಗೆ ಇರ್ತದೆ ಮಾರಾಯ್ರೆ. ನಿನ್ನೆ ತುಂಬಿಸಿದ್ದು, ಇವತ್ತು ನೋಡಿ. ಐರನ್ ಫಿಲ್ಟರ್ ಹಾಕಿಸಿ ಆರು ತಿಂಗಳಾಯ್ತು, ಏನೂ ಪ್ರಯೋಜನ ಇಲ್ಲ."

ಬಾಟಲಿಯನ್ನು ಪರೀಕ್ಷೆ ಮಾಡಬಹುದು, ಆದರೆ ಅದು ನಿಮ್ಮ ಬೋರಿನ ನೀರಿನ ರಿಪೋರ್ಟ್ ಆಗುವುದಿಲ್ಲ ಅಂದೆ. ಅವರಿಗೆ ಸ್ವಲ್ಪ ಸಿಟ್ಟೇ ಬಂತು. ನೀರು ಅಲ್ಲಿಯದೇ ಅಲ್ವಾ?

ಅಲ್ಲಿಯದೇ. ಆದರೆ ದಾರಿಯಲ್ಲಿ ಬದಲಾಗಿದೆ. ಮಾರನೇ ದಿನ ಮೀಟರ್‌ಗಳನ್ನು ಹೊತ್ತುಕೊಂಡು ಅವರ ತೋಟಕ್ಕೇ ಹೋದೆ. ಪಂಪ್ ಹತ್ತು ನಿಮಿಷ ಓಡಿದ ಮೇಲೆ ನೀರು ಹಿಡಿದೆ. ಪಿಎಚ್, ಅಂದರೆ ನೀರಿನ ಹುಳಿ ತೋರಿಸುವ ಅಂಕಿ (7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು), 6.1. ಕಲಕು 0.8 ಎನ್‌ಟಿಯು (ಕಲಕು ಅಳೆಯುವ ಮಾನ). ಬಣ್ಣ 5 ಹೇಜನ್‌ಗಿಂತ (ಬಣ್ಣ ಅಳೆಯುವ ಮಾನ) ಕಡಿಮೆ. ಹಿಂದಿನ ದಿನದ ಬಾಟಲಿಯಲ್ಲಿ ಪಿಎಚ್ 6.5 ಇತ್ತು, ಕಲಕು 38 ಎನ್‌ಟಿಯು. ಬಣ್ಣವಂತೂ ಅಳೆಯುವ ಮೊದಲೇ ಕಾಣುತ್ತಿತ್ತು.

ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರ ಪ್ರಕಾರ ಪಿಎಚ್ 6.5ರಿಂದ 8.5ರ ಒಳಗಿರಬೇಕು. ಕಲಕು 1 ಎನ್‌ಟಿಯು ಮೀರಬಾರದು, ಬೇರೆ ನೀರೇ ಸಿಗದಿದ್ದರೆ 5ರವರೆಗೆ ಸೈ. ಬಣ್ಣ 5 ಹೇಜನ್, ಗತಿಯಿಲ್ಲದಿದ್ದರೆ 15. ಪಿಎಚ್‌ಗೆ ಮಾತ್ರ ಆ ರಿಯಾಯಿತಿ ಇಲ್ಲ. ಈಗ ತಮಾಷೆ ನೋಡಿ. ಬೋರಿನ ಬುಡದಲ್ಲಿ ಕಲಕು, ಬಣ್ಣ ಎರಡೂ ಪಾಸು, ಪಿಎಚ್ ಫೇಲು. ಬಾಟಲಿಯಲ್ಲಿ ಪಿಎಚ್ ಗಡಿಯ ಮೇಲೆ ನಿಂತು ಪಾಸು, ಉಳಿದೆರಡು ಫೇಲು. ನೀರು ಒಂದೇ.

ಆಗಿದ್ದಿಷ್ಟು. ನೆಲದ ಆಳದಲ್ಲಿ ಗಾಳಿ ಇಲ್ಲ. ಅಲ್ಲಿ ಕಬ್ಬಿಣ ಉಪ್ಪಿನ ಹಾಗೆ ಕರಗಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಸೋಡಾದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕೂಡ ಕರಗಿರುತ್ತದೆ. ನೀರಿಗೆ ಹುಳಿ ಗುಣ ಕೊಡುವುದು ಮುಖ್ಯವಾಗಿ ಅದೇ. ನೀರು ಮೇಲೆ ಬಂದ ಕೂಡಲೇ ಆ ಅನಿಲ ಹಾರಿಹೋಗಲು ಶುರುವಾಗುತ್ತದೆ, ಪಿಎಚ್ ಏರುತ್ತದೆ. ಇತ್ತ ಆಮ್ಲಜನಕ ತಾಗಿ ಕಬ್ಬಿಣ ತುಕ್ಕಾಗಿ ಹೊರಗೆ ಬರುತ್ತದೆ. ಅದೇ ಕೆಂಪು, ಅದೇ ಕಲಕು.

ಹಾಗಾದರೆ ಫಿಲ್ಟರ್ ಯಾಕೆ ಕೆಲಸ ಮಾಡಲಿಲ್ಲ? ನೀರಿಗೆ ಗಾಳಿ ತಾಗಿಸಿ, ತುಕ್ಕಾದ ಕಬ್ಬಿಣವನ್ನು ಮರಳಿನಲ್ಲಿ ಹಿಡಿದಿಡುವುದು ಅಂಥ ಫಿಲ್ಟರ್‌ನ ಕೆಲಸ. ಆದರೆ ಕಬ್ಬಿಣ ತುಕ್ಕಾಗುವ ವೇಗ ಪಿಎಚ್ ಹೇಳಿದಂತೆ ಕೇಳುತ್ತದೆ. ಪಿಎಚ್ 6ರಿಂದ 7ಕ್ಕೆ ಏರಿದರೆ ಸುಮಾರು ನೂರು ಪಟ್ಟು ಬೇಗ. 6.1ರಲ್ಲಿ ಅದಕ್ಕೆ ಅವಸರವೇ ಇಲ್ಲ. ಬಾಟಲಿಗೆ ರಾತ್ರಿಯಿಡೀ ಸಮಯವಿತ್ತು, ಫಿಲ್ಟರ್‌ಗೆ ಸಿಕ್ಕಿದ್ದು ಕೆಲವೇ ನಿಮಿಷ. ಕಬ್ಬಿಣ ಕರಗಿದ ರೂಪದಲ್ಲೇ ಮರಳು ದಾಟಿ, ಮನೆಯ ಟ್ಯಾಂಕಿಗೆ ಹೋಗಿ ಅಲ್ಲಿ ನಿಧಾನಕ್ಕೆ ಕೆಂಪಾಗುತ್ತಿತ್ತು. ಫಿಲ್ಟರ್ ಮಾರಿದವರು ಕಬ್ಬಿಣ ಎಷ್ಟಿದೆ ಅಂತ ಮಾತ್ರ ನೋಡಿದ್ದರು. ಪಿಎಚ್ ಪಟ್ಟಿಯೊಂದನ್ನು ಅದ್ದಿ ನೋಡಿದ್ದರೆ ಸಾಕಿತ್ತು.

ಪಿಎಚ್ ಅಂಕಿಯನ್ನು ಜನ ಪರೀಕ್ಷೆಯ ಮಾರ್ಕಿನ ಹಾಗೆ ಓದುತ್ತಾರೆ. 6 ಅಂದರೆ 7ಕ್ಕಿಂತ ಒಂದೇ ಕಮ್ಮಿ, ಏನಾಯ್ತೀಗ ಅಂತ. 1909ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ರಸಾಯನಶಾಸ್ತ್ರಜ್ಞ ಸೋರೆನ್‌ಸೆನ್ ಈ ಅಳತೆಯನ್ನು ತಂದಾಗಲೇ ಒಂದು ಮೆಟ್ಟಿಲು ಇಳಿದರೆ ಹುಳಿ ಹತ್ತು ಪಟ್ಟು ಅಂತ ಲೆಕ್ಕ. ಎರಡು ಮೆಟ್ಟಿಲಾದರೆ ನೂರು. ಪಿಎಚ್ ಕಡಿಮೆ ಇರುವ ನೀರು ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ತಿನ್ನುತ್ತದೆ, ತಾಮ್ರದ ಪೈಪಿದ್ದರೆ ವಾಶ್‌ಬೇಸಿನ್‌ನಲ್ಲಿ ಹಸಿರು-ನೀಲಿ ಕಲೆ ಬಿಡುತ್ತದೆ. ಬೆಳಗ್ಗೆ ಮೊದಲ ಒಂದೆರಡು ಬಕೆಟ್ ಮಾತ್ರ ಕೆಂಪಾಗಿ ಬಂದು ಆಮೇಲೆ ತಿಳಿಯಾದರೆ ನಿಮ್ಮ ಪೈಪನ್ನು ಮೊದಲು ಅನುಮಾನಿಸಿ, ಬೋರನ್ನಲ್ಲ.

ಕಲಕು ಅಳೆಯುವ ಯಂತ್ರ ಸರಳ. ನೀರಿನೊಳಗೆ ಬೆಳಕು ಬಿಟ್ಟು, 90 ಡಿಗ್ರಿ ಬದಿಗೆ ಎಷ್ಟು ಚದುರುತ್ತದೆ ಅಂತ ನೋಡುತ್ತದೆ. ಸರಳ ಅಂತ ಮೋಸ ಹೋಗಬೇಡಿ. ಗಾಜಿನ ಸೀಸೆಯ ಮೇಲೆ ಬೆರಳಿನ ಗುರುತು ಇದ್ದರೂ ಅಂಕಿ ಏರುತ್ತದೆ. ಸಣ್ಣ ಗುಳ್ಳೆ ಇದ್ದರೂ ಅಷ್ಟೇ. ನಮ್ಮ ಲ್ಯಾಬಿಗೆ ಸೇರುವ ಹೊಸ ಹುಡುಗರಿಗೆ ಮೊದಲ ವಾರ ಸೀಸೆ ಒರೆಸುವುದೇ ಕೆಲಸ, ಪಾಪ. ನಲ್ಲಿ ನೀರು ಹಾಲಿನ ಹಾಗೆ ಬೆಳ್ಳಗೆ ಬಂದರೂ ಮೀಟರ್ ಹುಡುಕಬೇಡಿ. ಲೋಟದಲ್ಲಿ ಹಿಡಿದು ಎರಡು ನಿಮಿಷ ಇಡಿ. ತಳದಿಂದ ಮೇಲಕ್ಕೆ ತಿಳಿಯಾಗುತ್ತಾ ಹೋದರೆ ಅದು ಬರೀ ಗಾಳಿ.

ಕಲಕು ನೋಡುವುದು ಚಂದಕ್ಕಲ್ಲ. ಕ್ಲೋರಿನ್ ಹಾಕಿದಾಗ ಕಣಗಳ ಮರೆಯಲ್ಲಿ ರೋಗಾಣುಗಳು ಬಚಾವಾಗುತ್ತವೆ. ಪಿಎಚ್ 8 ದಾಟಿದರೆ ಕ್ಲೋರಿನ್‌ನ ಕೊಲ್ಲುವ ಶಕ್ತಿಯೂ ಇಳಿಯುತ್ತದೆ. ಮಳೆಗಾಲದ ಕಲಕು ನೀರಿಗೆ ಬ್ಲೀಚಿಂಗ್ ಪೌಡರ್ ಸುರಿದು ಕೈ ತೊಳೆದುಕೊಳ್ಳುವ ಪಂಚಾಯ್ತಿಗಳನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಬಣ್ಣದ ವಿಷಯದಲ್ಲಿ ಒಂದು ಸಣ್ಣ ಗುಟ್ಟಿದೆ. ಅದನ್ನು ಎರಡು ಸಲ ಅಳೆಯಬೇಕು: ಸೋಸುವ ಮೊದಲು, ಸೋಸಿದ ಮೇಲೆ. ಸೋಸುವುದೆಂದರೆ ಬಟ್ಟೆಯಲ್ಲಲ್ಲ, 0.45 ಮೈಕ್ರಾನ್ ಪೊರೆಯಲ್ಲಿ. ಆ ಹಿರಿಯರ ಬಾಟಲಿಯ ನೀರನ್ನು ಸೋಸಿದಾಗ ಬಣ್ಣ ಬಹುತೇಕ ಹೋಯಿತು, ಪೊರೆ ಮಾತ್ರ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅಂದರೆ ಬಣ್ಣ ಕಣದ್ದು. ಮಲೆನಾಡಿನ ಕೆಲವು ತೊರೆಗಳ ನೀರು ಸೋಸಿದರೂ ತೆಳು ಚಹಾದ ಹಾಗೇ ಉಳಿಯುತ್ತದೆ. ಅದು ಕೊಳೆತ ಎಲೆ, ತೊಗಟೆಯಿಂದ ಕರಗಿ ಬಂದಿದ್ದು, ಮರಳಿನ ಫಿಲ್ಟರ್‌ಗೆ ಬಗ್ಗುವುದಿಲ್ಲ.

ಮೂರೂ ಅಂಕಿ ಚೆನ್ನಾಗಿದ್ದರೆ ಕುಡಿಯಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಪಾವಗಡದ ಫ್ಲೋರೈಡ್ ನೀರು ಲೋಟದಲ್ಲಿ ಫಳಫಳ ಹೊಳೆಯುತ್ತದೆ. ಗೊಬ್ಬರದಿಂದ ಇಳಿದ ನೈಟ್ರೇಟ್‌ಗೂ ಬಣ್ಣವಿಲ್ಲ. ಪಾಯಿಖಾನೆ ಗುಂಡಿಯಿಂದ ಬಂದ ಬ್ಯಾಕ್ಟೀರಿಯಾ ಕೂಡ ತಿಳಿನೀರಿನಲ್ಲಿ ಆರಾಮಾಗಿ ಇರುತ್ತದೆ. ಅವಕ್ಕೆ ಬೇರೆ ಪರೀಕ್ಷೆಗಳೇ ಬೇಕು.

ತೋಟದಲ್ಲಿ ಆಮೇಲೆ ನೀರನ್ನು ಎತ್ತರದಿಂದ ತಟ್ಟೆಗಳ ಮೇಲೆ ಬೀಳಿಸಿ ಗಾಳಿ ತಾಗಿಸುವ ಏರ್ಪಾಡು ಮಾಡಿಸಿದೆವು. ಅದರ ಮುಂದೆ ಸುಣ್ಣಕಲ್ಲಿನ ಹರಳು ತುಂಬಿದ ಒಂದು ಟ್ಯಾಂಕು, ಕೊನೆಗೆ ಹಳೇ ಫಿಲ್ಟರ್. ಪಿಎಚ್ 7.3ಕ್ಕೆ ಬಂತು. ನೀರಿನ ಗಡಸು ಸ್ವಲ್ಪ ಜಾಸ್ತಿಯಾಯಿತು. ಹರಳಿಗೆ ತುಕ್ಕು ಕೂರದಂತೆ ವಾರಕ್ಕೊಮ್ಮೆ ಹಿಮ್ಮುಖವಾಗಿ ನೀರು ಬಿಟ್ಟು ತೊಳೆಯಬೇಕು, ಸವೆದಷ್ಟೂ ತುಂಬಬೇಕು.

ಎರಡು ತಿಂಗಳ ಮೇಲೆ ಅವರು ಮತ್ತೆ ಬಂದರು. ಅದೇ ಕೂಲ್‌ಡ್ರಿಂಕ್ ಬಾಟಲಿ, ಮೂರು ದಿನದ ಹಿಂದಿನ ನೀರು, ಒಂದು ಚೂರೂ ಕೆಂಪಿಲ್ಲ. "ಈಗ ಬ್ಯಾಕ್ಟೀರಿಯಾ ನೋಡಿ ಕೊಡಿ" ಅಂದರು. ನಾನು ಕಪಾಟಿನಿಂದ ರೋಗಾಣುಮುಕ್ತ ಸೀಸೆ, ಐಸ್ ಡಬ್ಬಿ ತೆಗೆದುಕೊಟ್ಟು, ಇದರಲ್ಲಿ ಇವತ್ತೇ ಹಿಡಿದು ಇವತ್ತೇ ತನ್ನಿ ಅಂದೆ. ಈ ಸಲ ಸಿಟ್ಟಾಗಲಿಲ್ಲ. ಬಾಟಲಿಯಲ್ಲಿದ್ದ ನೀರನ್ನು ನಮ್ಮ ಕಿಟಕಿಯ ತುಳಸಿಗೆ ಹಾಕಿ ಹೊರಟರು.