ಕ್ಯಾಲಿಪರ್ ಬೋಲ್ಟ್ ಜಪ್ಪಯ್ಯ ಅಂದರೂ ಬಿಡದಿದ್ದರೆ?

ಪ್ರಶ್ನೆ: ನಾನಿರುವುದು ಇಂಗ್ಲೆಂಡಿನಲ್ಲಿ. ಕಾರು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. ಮುಂದಿನ ಬ್ರೇಕ್ ಡಿಸ್ಕ್ ಬದಲಿಸಲು ಹೊರಟರೆ, ಡಿಸ್ಕಿಗೆ ಪ್ಯಾಡ್ ಒತ್ತುವ ಕ್ಯಾಲಿಪರನ್ನು ಹಿಡಿದಿರುವ ಬ್ರಾಕೆಟ್‌ನ ಬೋಲ್ಟ್ ಅಲುಗುತ್ತಲೇ ಇಲ್ಲ. ಸ್ಪ್ಯಾನರಿಗೆ ಉದ್ದನೆ ಪೈಪ್ ಸಿಕ್ಕಿಸಿ ಎಳೆಯಲೇ?

ಉತ್ತರ: ಪೈಪ್ ಸದ್ಯಕ್ಕೆ ಬೇಡ. ಯಾವ ಕಡೆಗೆ ತಿರುಗಿಸುತ್ತಿದ್ದೀರಿ ಎಂದು ಮೊದಲು ನೋಡಿಕೊಳ್ಳಿ. ಈ ಬೋಲ್ಟಿನ ತಲೆ ಇರುವುದು ಡಿಸ್ಕಿನ ಹಿಂಬದಿಗೆ, ಕಾರಿನ ಒಳಮುಖವಾಗಿ. ಹೊರಗೆ ಕೂತು ಕೈ ಹಿಂದಕ್ಕೆ ಚಾಚಿದಾಗ ಎಡ-ಬಲ ಅದಲುಬದಲಾಗುತ್ತದೆ. ತಲೆಯನ್ನು ನೇರವಾಗಿ ನೋಡುವವರಿಗೆ ಅದು ಗಡಿಯಾರದ ಮುಳ್ಳಿಗೆ ಎದುರು ತಿರುಗಬೇಕು. ಬಿಡುತ್ತಿಲ್ಲ ಎಂದು ಒದ್ದಾಡುವವರಲ್ಲಿ ಕೆಲವರು ಪಾಪ, ಬಿಗಿ ಮಾಡುತ್ತಲೇ ಇರುತ್ತಾರೆ!

ದಿಕ್ಕು ಸರಿಯಿದ್ದರೆ ಹಗೆ ತುಕ್ಕು. 1989ರಲ್ಲಿ ಬಂದ ಮಾಡೆಲ್ ಇದು; ಚಳಿಗಾಲದಲ್ಲಿ ಅಲ್ಲಿನ ರಸ್ತೆಗೆ ಸುರಿಯುವ ಉಪ್ಪನ್ನು ವರ್ಷಗಟ್ಟಲೆ ತಿಂದಿದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಅದು ಬೋಲ್ಟಿನ ತಿರುಪು ಸುತ್ತುಗಳ ಸಂದಿಯಲ್ಲಿ ಊದಿ ಬೋಲ್ಟನ್ನು ಹಿಡಿದುಬಿಡುತ್ತದೆ. ಸುಮ್ಮನೆ ಎಳೆದರೆ ತಲೆ ಸವೆಯುತ್ತದೆ, ಇಲ್ಲವೇ ಮುರಿಯುತ್ತದೆ. ಇದಕ್ಕೆ ಬೇಕಾದ್ದು ಪೆಟ್ಟು ಮತ್ತು ಬಿಸಿ.

ತಲೆಯ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಸಂದಿಗೆ ಇಳಿಯುವ ಪೆನಟ್ರೇಟಿಂಗ್ ಆಯಿಲ್ ಹಾಕಿ ರಾತ್ರಿಯಿಡೀ ಬಿಡಿ. ಡಿಸ್ಕಿಗೂ ಪ್ಯಾಡಿಗೂ ತಾಗದಿರಲಿ. ಬೆಳಿಗ್ಗೆ ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ಹನ್ನೆರಡು ಮೂಲೆಯದು ಇಂಥ ಬೋಲ್ಟಿನ ಅಂಚನ್ನು ನುಣ್ಣಗೆ ಮಾಡಿಬಿಡುತ್ತದೆ. ಸುತ್ತಿಗೆಯಿಂದ ತಲೆಯ ಮೇಲೆ ನೇರವಾಗಿ ನಾಲ್ಕು ಪೆಟ್ಟು ಕೊಟ್ಟು, ಮೊದಲು ಒಂದಿಷ್ಟು ಬಿಗಿಯಾಗುವ ಕಡೆಗೆ, ಆಮೇಲೆ ಬಿಡುವ ಕಡೆಗೆ ಅಲ್ಲಾಡಿಸಿ. ಪೆಟ್ಟು ಕೊಡುತ್ತಾ ತಿರುಗಿಸುವ ಇಂಪ್ಯಾಕ್ಟ್ ರೆಂಚ್ ಇದ್ದರೆ ಇನ್ನೂ ಒಳ್ಳೆಯದು. ಉದ್ದ ಹಿಡಿಯ ಬ್ರೇಕರ್ ಬಾರ್ ಹಿಡಿಯುವುದಾದರೆ ಕಾರು ಆಕ್ಸಲ್ ಸ್ಟ್ಯಾಂಡಿನ (ಕಾರಿನ ಭಾರ ಹೊರುವ ಗಟ್ಟಿ ಕಾಲು) ಮೇಲಿರಲಿ. ಬರೀ ಜಾಕ್ ನಂಬಿ ಎಳೆಯುವುದು ಶುದ್ಧ ಹುಚ್ಚುತನ.

ಇಷ್ಟಕ್ಕೂ ಜಗ್ಗದಿದ್ದರೆ ಬಿಸಿ. ಕ್ಯಾಲಿಪರನ್ನು ಬಿಚ್ಚಿ, ಬ್ರೇಕ್ ಹೋಸಿನ ಮೇಲೆ ಭಾರ ಬೀಳದಂತೆ ತಂತಿಯಲ್ಲಿ ದೂರಕ್ಕೆ ಕಟ್ಟಿ. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇದ್ದರೆ ಅದರ ವೈರೂ ದೂರವಿರಲಿ. ಬೆಂಕಿ ಹಿಡಿಯಬೇಕಾದ್ದು ಬೋಲ್ಟಿಗಲ್ಲ, ಅದು ಕೂತಿರುವ ನಕ್‌ಲ್ (ಚಕ್ರವನ್ನು ಹೊತ್ತಿರುವ ಗಟ್ಟಿ ಭಾಗ) ಲೋಹಕ್ಕೆ. ಹೊರಗಿನದು ಹಿಗ್ಗಿದರೆ ಹಿಡಿತ ಸಡಿಲುತ್ತದೆ. ಹತ್ತಿರದಲ್ಲೇ ವೀಲ್ ಬೇರಿಂಗ್, ಬಾಲ್ ಜಾಯಿಂಟಿನ ರಬ್ಬರ್ ಇವೆ, ಜ್ವಾಲೆ ಅತ್ತ ಹೋಗಬಾರದು. ಮುಂಚೆ ಹಾಕಿದ ಎಣ್ಣೆಯನ್ನು ಚೆನ್ನಾಗಿ ಒರೆಸಿ. ಬ್ರೇಕ್ ಕ್ಲೀನರ್ ಸಿಂಪಡಿಸಿದ ಜಾಗಕ್ಕಂತೂ ಬೆಂಕಿ ಬೇಡವೇ ಬೇಡ: ಕ್ಲೋರಿನ್ ಇರುವ ಕ್ಲೀನರ್ ಕಾದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಹುದು.

ತಲೆ ಆಗಲೇ ಸವೆದಿದ್ದರೆ ಅದನ್ನು ಕಚ್ಚಿ ಹಿಡಿಯುವ ಬೋಲ್ಟ್ ಎಕ್ಸ್‌ಟ್ರಾಕ್ಟರ್ ಸಾಕೆಟ್ ಬಡಿದು ಕೂರಿಸಿ. ಮುರಿದೇಹೋದರೆ, ನಕ್‌ಲ್ ಬಿಚ್ಚಿ ಲೇತ್ ಕೆಲಸದವರಿಗೆ ಕೊಡುವುದೇ ವಾಸಿ. ಅಲ್ಲೇ ಮಲಗಿಕೊಂಡು ಡ್ರಿಲ್ ಹಾಕಿದರೆ ರಂಧ್ರ ಓರೆಯಾಗುತ್ತದೆ.

ಹಿಂದಿನ ಚಕ್ರಕ್ಕೂ ಕೈ ಹಾಕುವಿರಾದರೆ ಒಂದು ಮಾತು. ಈ ತಲೆಮಾರಿನ ಎಂಎಕ್ಸ್-5ರ ಹಿಂದಿನ ಕ್ಯಾಲಿಪರಿನಲ್ಲಿ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಹಿಂದೆ ಸರಿಸಲು ಕ್ಲಾಂಪ್ ಹಾಕಿ ಒತ್ತಬಾರದು. ಕ್ಯಾಲಿಪರಿನ ಹಿಂಬದಿಯ ಮುಚ್ಚಳದ ಬೋಲ್ಟ್ ತೆಗೆದರೆ ಒಳಗೆ ಅಲೆನ್ ಕೀ ಹಾಕುವ ತಿರುಪು ಸಿಗುತ್ತದೆ, ಪಿಸ್ಟನ್ ಹಿಂದೆ ಸರಿಯುವುದು ಅದನ್ನು ತಿರುಗಿಸಿದಾಗ.

ಜೋಡಿಸುವಾಗ ಹಳೆ ಬೋಲ್ಟ್ ಬಿಸಾಡಿ, ಅದೇ ದರ್ಜೆಯ ಹೊಸದು ಹಾಕಿ, ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್ (ತಿರುಗಿಸಿ ಬಿಗಿಸುವ ಬಲ) ಕೊಡಿ. ಕಾರು ಹೊರಡಿಸುವ ಮುನ್ನ ಬ್ರೇಕ್ ಪೆಡಲ್ ಗಟ್ಟಿಯಾಗುವವರೆಗೆ ತುಳಿಯಿರಿ. ಮೊದಲ ತುಳಿತಕ್ಕೆ ಅದು ನೆಲಕ್ಕೇ ಹೋಗಬಹುದು.