ಎಷ್ಟು ಮೆಗಾಪಿಕ್ಸೆಲ್ ಬೇಕು ಸರ್?

ಪ್ರಶ್ನೆ: ಜೇಬಿನಲ್ಲಿ ಹಿಡಿಸುವಂಥ ಸಣ್ಣ ಡಿಜಿಟಲ್ ಕ್ಯಾಮೆರಾ ತಗೋಬೇಕು ಅಂತಿದ್ದೀನಿ ಸರ್. 16 ಮೆಗಾಪಿಕ್ಸೆಲ್ ಸಾಕಾ, 20 ಬೇಕಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕ ಇಟ್ಟಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಸಾರು ಕಲಸುತ್ತಾ ಹೇಳಿದ್ದೇನೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಹೇಳಲು ಹೋಗಿದ್ದೇನೆ, ಕೇಳಿದ್ದು ಡಾಕ್ಟರೇ. ಇರಲಿ, ಇನ್ನೊಂದು ಸಲ. ಎರಡರಲ್ಲಿ ಯಾವುದಾದರೂ ಸಾಕು. ಎರಡೂ ನಿಮಗೆ ಜಾಸ್ತಿಯೇ.

ನಂಬಿಕೆ ಬರಲಿಲ್ಲ ಅಲ್ವಾ? ಲೆಕ್ಕ ಹಾಕಿ. ಒಂದು ಮೆಗಾಪಿಕ್ಸೆಲ್ ಅಂದರೆ ಫೋಟೋದಲ್ಲಿ ಹತ್ತು ಲಕ್ಷ ಚುಕ್ಕಿ, ಅಂದರೆ ಪಿಕ್ಸೆಲ್. ಇಂಚಿಗೆ 300 ಚುಕ್ಕಿಯಂತೆ 4×6 ಪ್ರಿಂಟಿಗೆ ಬೇಕಾಗುವುದು 1200 ಗುಣಿಸು 1800. ಅಂದರೆ 2 ಮೆಗಾಪಿಕ್ಸೆಲ್‌ಗಿಂತ ಚೂರು ಮೇಲೆ. ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವ 8×12ಕ್ಕೆ 8.6. ಮನೆಯ 4ಕೆ ಟಿವಿಯ ಪರದೆ ಪೂರ್ತಿ ತುಂಬಿಸಲು 8.3. 16ರಿಂದ 20ಕ್ಕೆ ಹೋದರೆ ಫೋಟೋದ ಉದ್ದದಲ್ಲಿ ಹೆಚ್ಚುವುದು ನೂರಕ್ಕೆ 12ರಷ್ಟು, ಅಷ್ಟೇ. ಉದ್ದ, ಅಗಲ ಎರಡೂ ದುಪ್ಪಟ್ಟಾಗಬೇಕಾದರೆ 64 ಬೇಕು.

"ಇರಲಿ ಬಿಡಿ ಸರ್, ಜಾಸ್ತಿ ಇದ್ದರೆ ನಷ್ಟ ಏನು?" ಇಲ್ಲೇ ನನಗೆ ರೇಗುವುದು.

ಸೆನ್ಸರ್, ಅಂದರೆ ಲೆನ್ಸಿನ ಹಿಂದೆ ಕೂತು ಬೆಳಕು ಹಿಡಿಯುವ ಚಿಪ್, ಸೈಟು ಇದ್ದ ಹಾಗೆ. ಪಿಕ್ಸೆಲ್‌ಗಳು ಅದರ ಮೇಲೆ ಕಟ್ಟಿದ ಕೋಣೆಗಳು. ಜೇಬಿನಲ್ಲಿ ಹಿಡಿಸುವ ಅಗ್ಗದ ಕಾಂಪ್ಯಾಕ್ಟ್‌ಗಳಲ್ಲಿ ಸಾಮಾನ್ಯವಾಗಿ ಇರುವುದು 1/2.3 ಇಂಚು ಅಂತ ಕರೆಯುವ ಸೆನ್ಸರ್. ಅಳೆದರೆ ಸುಮಾರು 6.2×4.6 ಮಿಲಿಮೀಟರ್, ಕಿರುಬೆರಳಿನ ಉಗುರಿಗಿಂತ ಚಿಕ್ಕದು. 1 ಇಂಚಿನದು 13.2×8.8. (ಅದೂ ಇಂಚಲ್ಲ, ಕರ್ಣ ಹಿಡಿದು ಅಳೆದರೂ 16 ಮಿಲಿಮೀಟರ್. ಹಳೇ ಟಿವಿ ಕ್ಯಾಮೆರಾದ ಗಾಜಿನ ಕೊಳವೆಯ ಹೊರ ಅಳತೆಯನ್ನು ಇವತ್ತಿಗೂ ಎಳೆದುಕೊಂಡು ಬಂದಿದ್ದಾರೆ.) ವಿಸ್ತೀರ್ಣದಲ್ಲಿ ನಾಲ್ಕು ಪಟ್ಟು. ಒಂದು 30×40 ಸೈಟಾದರೆ ಇನ್ನೊಂದು 60×80. ಎರಡರಲ್ಲೂ 20 ಕೋಣೆ ಕಟ್ಟಿ ನೋಡಿ. 30×40ರದ್ದು ಪಿಜಿ ಆಗುತ್ತೆ. ಕಿಟಕಿ ಅಂಗೈಯಗಲ, ಮಧ್ಯಾಹ್ನವೂ ಲೈಟ್ ಹಾಕಬೇಕು. ಒತ್ತೊತ್ತಾಗಿ ತುಂಬಿದ ಪಿಕ್ಸೆಲ್‌ಗಳದ್ದೂ ಅದೇ ಪಾಡು. ಬಿಸಿಲಿನಲ್ಲಿ ಗೊತ್ತಾಗಲ್ಲ. ರಾತ್ರಿ ಗೊತ್ತಾಗುತ್ತೆ.

ನನಗೆ ಗೊತ್ತಾಗಿದ್ದು ಯಕ್ಷಗಾನದಲ್ಲಿ. ಮುಂದಿನ ಸಾಲು, ಕೈಯಲ್ಲಿ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಮೆಗಾಪಿಕ್ಸೆಲ್ ಬರೆದಿದ್ದ ಕ್ಯಾಮೆರಾ. ಬಣ್ಣದ ವೇಷ ಎದುರಿಗೇ ಬಂತು. ಮುಖದ ಮೇಲಿನ ಚಿಟ್ಟಿ, ವೇಷಧಾರಿ ಗಂಟೆಗಟ್ಟಲೆ ಕೂತು ಅಕ್ಕಿ ಹಿಟ್ಟಿನಲ್ಲಿ ಒಂದೊಂದೇ ಇಟ್ಟುಕೊಂಡಿದ್ದು, ನನ್ನ ಫೋಟೋದಲ್ಲಿ ಮೊಸರು ಬಳಿದ ಹಾಗೆ ಕಾಣುತ್ತಿತ್ತು. ಹಿಂದಿನ ಕತ್ತಲಲ್ಲಿ ರವೆ ಚೆಲ್ಲಿದಂತೆ ಕಾಳು ಕಾಳು. ಬೆಳಕು ಸಾಲದೆ ಎದ್ದ ಆ ಕಾಳನ್ನು ಒರೆಸಲು ಹೋಗಿ ಕ್ಯಾಮೆರಾ ಚಿಟ್ಟಿಯನ್ನೂ ಒರೆಸಿ ಹಾಕಿತ್ತು. ಪಿಕ್ಸೆಲ್ ಏನೋ ಲೆಕ್ಕದಂತೆ ಪೂರ್ತಿ ಇತ್ತು.

ಇದು ನಾನು ಕಂಡುಹಿಡಿದ ಗುಟ್ಟಲ್ಲ. ಕ್ಯಾನನ್ ಕಂಪನಿಯವರ 2008ರ ಪವರ್‌ಶಾಟ್ ಜಿ10ರಲ್ಲಿ 14.7 ಮೆಗಾಪಿಕ್ಸೆಲ್ ಇತ್ತು. ಮರುವರ್ಷ ಬಂದ ಜಿ11ರಲ್ಲಿ 10. ಹೊಸ ಮಾದರಿಯಲ್ಲಿ ಅಂಕಿ ಇಳಿಸಿದರು ಸ್ವಾಮಿ! "ಮತ್ತೆ ಮೊಬೈಲಿನಲ್ಲಿ 200 ಇದೆಯಲ್ಲ?" ಇದೆ. ಆದರೆ ಆ ಫೋನುಗಳು ಸಾಮಾನ್ಯವಾಗಿ 16 ಪಿಕ್ಸೆಲ್ ಕೂಡಿಸಿ ಒಂದು ಮಾಡಿ 12.5ರ ಫೋಟೋ ಕೊಡುತ್ತವೆ. ಪಿಜಿಯ ಗೋಡೆ ಒಡೆದು ಮತ್ತೆ ಹಾಲ್ ಮಾಡಿದ ಹಾಗೆ.

ಹಾಗಾದರೆ ಏನು ನೋಡಬೇಕು? ಮೊದಲು ಸೆನ್ಸರ್. ಬಜೆಟ್ ಇದ್ದರೆ 1 ಇಂಚಿನದು, ಹಳೆಯದಾದರೂ ಸರಿ. 2012ರ ಸೋನಿ ಆರ್‌ಎಕ್ಸ್100ರಲ್ಲೇ ಅದು ಇತ್ತು. ಆಮೇಲೆ ಲೆನ್ಸಿನ ಸುತ್ತ 1:1.8 ಅಂತಲೋ 1:3.5 ಅಂತಲೋ ಬರೆದಿರುವ ಅಂಕಿ. ಚಿಕ್ಕದಿದ್ದಷ್ಟೂ ಒಳ್ಳೆಯದು, 1.8ರಲ್ಲಿ 3.5ಕ್ಕಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬೆಳಕು ಒಳಗೆ ಬರುತ್ತೆ. ಡಿಜಿಟಲ್ ಝೂಮ್ ಅಂದರೆ ಕತ್ತರಿ, ಫೋಟೋದ ಅಂಚು ಕತ್ತರಿಸಿ ನಡುವಿನ ತುಂಡನ್ನು ಹಿಗ್ಗಿಸುತ್ತೆ ಅಷ್ಟೇ. ಸುಮ್ನೆ ಆಫ್ ಮಾಡಿಡಿ. ತುಂಬ ಹಳೇ ಕ್ಯಾಮೆರಾ ಕೊಳ್ಳುವವರು ಮೆಮೊರಿ ಕಾರ್ಡ್ ಹಾಕಿ ನೋಡಿಯೇ ದುಡ್ಡು ಕೊಡಿ. 2006ಕ್ಕಿಂತ ಹಿಂದಿನವು 2 ಜಿಬಿ ದಾಟಿದ ಕಾರ್ಡನ್ನು ಸಾಮಾನ್ಯವಾಗಿ ಓದುವುದಿಲ್ಲ.

ಯಾರೂ ಕೇಳದ, ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮಳೆಗಾಲದಲ್ಲಿ ಎಲ್ಲಿಡಬೇಕು? ಕ್ಯಾಮೆರಾ ಜೊತೆ ಚೆಂದದ ಚರ್ಮದ ಕೇಸ್ ಕೊಳ್ಳುತ್ತೀರಿ, ಅದರೊಳಗೆ ಹಾಕಿ ಬೀರುವಿನಲ್ಲಿಟ್ಟು ಮರೆಯುತ್ತೀರಿ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ನಾನೂ ಹಾಗೇ ಮಾಡಿದ್ದೆ. ಚರ್ಮ ತೇವ ಹಿಡಿದುಕೊಳ್ಳುತ್ತೆ. ದಸರೆಗೆ ತೆಗೆದರೆ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬೂಷ್ಟು. ಕಾಂಪ್ಯಾಕ್ಟ್‌ನಲ್ಲಿ ಲೆನ್ಸ್ ಕಳಚಿ ಒರೆಸಲು ಬರುವುದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ತಗೊಳ್ಳಿ. ಕ್ಯಾಮೆರಾ, ಬೇರೆಯಾಗಿ ತೆಗೆದಿಟ್ಟ ಬ್ಯಾಟರಿ, ತೇವ ಹೀರುವ ನೀಲಿ ಸಿಲಿಕಾ ಜೆಲ್ ಹರಳು ಒಂದು ಹಿಡಿ, ಮುಚ್ಚಳ. ನೀಲಿ ಹರಳು ಗುಲಾಬಿ ಆದರೆ ನೀರು ಕುಡಿದು ತುಂಬಿತು ಅಂತ. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ನೀಲಿ. ದೋಸೆ ಹಂಚು ಮಾತ್ರ ಬೇಡ. ಆ ನೀಲಿ ಬಣ್ಣ ಕೋಬಾಲ್ಟ್‌ನದು, ಹೊಟ್ಟೆಗೆ ಹೋಗಬಾರದು. ಹಳೇ ಹಂಚೊಂದನ್ನು ಅದಕ್ಕೇ ಅಂತ ಎತ್ತಿಡಿ.